ಮಕ್ಕಳ ಜೋಲುರೆಪ್ಪೆ: ಒಂದು ಶಸ್ತ್ರಚಿಕಿತ್ಸೆಯ ಚರಿತ್ರೆ

ಕನ್ನಡಿಯ ಮುಂದೆ ನಿಂತು ನಿಮ್ಮ ಕಣ್ಣನ್ನು ಒಂದು ಸಲ ಸಾವಧಾನವಾಗಿ ನೋಡಿಕೊಳ್ಳಿರಿ. ಮೇಲಣ ರೆಪ್ಪೆಯ ಅಂಚು ಕರಿಗುಡ್ಡೆಯ ತುದಿಯನ್ನು ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಮುಚ್ಚಿ ನಿಂತಿರುತ್ತದೆ. ಕರಿಗುಡ್ಡೆಯ ನಡುವಣ ಪಾಪೆ, ಎಂದರೆ ಬೆಳಕು ಒಳಗೆ ಹೋಗುವ ಕಿಂಡಿ, ಪೂರ್ತಿ ತೆರೆದಿರುತ್ತದೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಈ ರೆಪ್ಪೆಯನ್ನು ಎತ್ತಿ ಹಿಡಿದಿರುವುದು ಯಾವುದು? ಕಣ್ಣಿನ ಗೂಡಿನ ಹಿಂಬದಿಯಲ್ಲಿ ಹುಟ್ಟಿ, ಗುಡ್ಡೆಯ ಮೇಲೆ ಹಾದು ಬಂದು, ರೆಪ್ಪೆಯೊಳಗೆ ಬೀಸಣಿಗೆಯಂತೆ ಹರಡಿಕೊಂಡಿರುವ ಒಂದು ಸಣ್ಣ ಸ್ನಾಯು. ಅದಕ್ಕೆ ನೆರವಾಗಿ ಇನ್ನೂ ಸಣ್ಣದೊಂದು ಸ್ನಾಯು ಇದೆ. 1858ರಲ್ಲಿ ಜರ್ಮನಿಯ ಹೈನ್ರಿಶ್ ಮುಲ್ಲರ್ ಅದನ್ನು ವರ್ಣಿಸಿದ್ದರಿಂದ ಅವನ ಹೆಸರೇ ಅದಕ್ಕೆ ನಿಂತಿದೆ. ಈ ಎರಡೂ ತಮ್ಮ ಕೆಲಸವನ್ನು ಮಾಡುತ್ತಿರುವಷ್ಟು ಕಾಲ ನಾವು ಅವುಗಳ ನೆನಪನ್ನೇ ಮಾಡುವುದಿಲ್ಲ.

ಕೆಲವು ಮಕ್ಕಳು ಹುಟ್ಟುವಾಗಲೇ ಆ ದೊಡ್ಡ ಸ್ನಾಯು ಸರಿಯಾಗಿ ಬೆಳೆದಿರುವುದಿಲ್ಲ. ಸ್ನಾಯುವಿನ ಎಳೆಗಳು ಇರಬೇಕಾದ ಕಡೆ ನಾರು ಮತ್ತು ಕೊಬ್ಬು ತುಂಬಿರುತ್ತವೆ. ಅಂತಹ ರೆಪ್ಪೆ ಮೇಲೇಳಲಾರದು. ವಿಚಿತ್ರವೆಂದರೆ, ಮಗು ಕೆಳಗೆ ನೋಡಿದಾಗ ಅದು ಪೂರ್ತಿ ಕೆಳಗೂ ಇಳಿಯಲಾರದು. ಎಳೆದರೆ ಹಿಗ್ಗದ, ಬಿಟ್ಟರೆ ಕುಗ್ಗದ ಹಳೆಯ ರಬ್ಬರಿನಂತೆ ಅದರ ಸ್ಥಿತಿ. ಹೆಚ್ಚಿನ ಮಕ್ಕಳಲ್ಲಿ ಇದು ಒಂದೇ ಕಣ್ಣಿಗೆ ಇರುತ್ತದೆ, ಕೆಲವರಲ್ಲಿ ಎರಡಕ್ಕೂ ಇರುತ್ತದೆ. ಅಮೆರಿಕೆಯ ಮಿನ್ನೆಸೋಟಾ ಸಂಸ್ಥಾನದ ಒಂದು ಕೌಂಟಿಯ 40 ವರ್ಷಗಳ ದಾಖಲೆಗಳನ್ನು ತಿರುವಿ ನೋಡಿದವರು, ಸುಮಾರು 842 ಹೆರಿಗೆಗಳಿಗೆ ಒಂದು ಮಗುವಿನಂತೆ ಈ ಸಾಮಾನ್ಯ ಬಗೆಯ ಜೋಲುರೆಪ್ಪೆ ಕಂಡುಬಂದಿತೆಂದು 2011ರಲ್ಲಿ ಪ್ರಕಟಿಸಿದರು. ಹಾಗೆಂದ ಮೇಲೆ ಇದು ಲಕ್ಷಕ್ಕೊಬ್ಬರಿಗೆ ಬರುವ ಅಪೂರ್ವ ವ್ಯಾಧಿಯೇನೂ ಅಲ್ಲ. ನಿಮ್ಮ ಬೀದಿಯಲ್ಲಿ ಅಲ್ಲದಿದ್ದರೆ ಪಕ್ಕದ ಬಡಾವಣೆಯಲ್ಲಿ, ನಿಮ್ಮ ಮಕ್ಕಳು ಓದುವ ಶಾಲೆಯಲ್ಲಿ, ಇಂತಹ ಒಂದು ಮಗು ಇದ್ದೀತು.

ಅದನ್ನು ಜನ ‘ನಿದ್ದೆಗಣ್ಣಿನ ಹುಡುಗ’ ಎನ್ನುತ್ತಾರೆ. ರೆಪ್ಪೆಯ ಕೆಳಗಿನಿಂದ ಇಣುಕಿ ನೋಡಲೆಂದು ಅದು ಗದ್ದವನ್ನು ಮೇಲೆತ್ತಿ ನಡೆದರೆ ‘ಸೊಕ್ಕು’ ಎನ್ನುತ್ತಾರೆ. ಹಣೆಯ ಸ್ನಾಯುವಿನಿಂದ ರೆಪ್ಪೆಯನ್ನು ಎಳೆಯಲು ಹೋಗಿ ಐದು ವರ್ಷದ ಹಣೆಯಲ್ಲಿ ಮುದುಕರ ಗೆರೆಗಳು ಮೂಡಿದರೆ ನಗುತ್ತಾರೆ. ನಗುವವರಿಗೆ ತಿಳಿಯದ ಸಂಗತಿಯೊಂದಿದೆ: ಆ ಮಗು ತನ್ನ ಮಟ್ಟಿಗೆ ಒಂದು ಶಸ್ತ್ರಚಿಕಿತ್ಸೆಯನ್ನು ತಾನೇ ಕಂಡುಹಿಡಿದುಕೊಂಡಿದೆ. ವೈದ್ಯಶಾಸ್ತ್ರ ಅದೇ ಉಪಾಯಕ್ಕೆ ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು. ಆ ಕತೆಯನ್ನೇ ಇಲ್ಲಿ ಹೇಳಬೇಕಾಗಿದೆ.

ಕತೆಯನ್ನು ಪಟ್ಟಣದ ಆಸ್ಪತ್ರೆಯಿಂದ ನೋಡುವುದಕ್ಕಿಂತ ಹಳ್ಳಿಯಿಂದ ನೋಡಿದರೆ ಅದರ ನಿಜವಾದ ಅಳತೆ ತಿಳಿಯುತ್ತದೆ. ರಾಯಚೂರು ಜಿಲ್ಲೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳ ಸೀಮೆಯಲ್ಲಿ ಪಾಮನಕಲ್ಲೂರು ಎಂಬ ಗ್ರಾಮವಿದೆ. ಕೃಷ್ಣೆ ತುಂಗಭದ್ರೆಗಳ ನಡುವಣ ದೋಆಬಿನ ನೆಲ ಅದು. ಹತ್ತಿರದ ಮಸ್ಕಿಯ ಹೆಸರನ್ನು ನೀವು ಶಾಲೆಯ ಪಾಠದಲ್ಲಿ ಓದಿದ್ದೀರಿ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾಗಿದ್ದ ಬೀಡನ್ ಎಂಬವರು ಅಲ್ಲಿ ಕಂಡ ಬಂಡೆಗಲ್ಲಿನ ಶಾಸನದಿಂದಲೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೆಂಬುದು ಖಚಿತವಾಯಿತು. ಅದೇ ಅಶೋಕ ತನ್ನ ಬೇರೊಂದು ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದಾಗಿಯೂ, ಔಷಧಿಯ ಗಿಡಮೂಲಿಕೆಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದಾಗಿಯೂ ಹೇಳಿಕೊಂಡಿದ್ದಾನೆ. ಚಿಕಿತ್ಸೆಯೆಂಬುದು ಇರುವ ಕಡೆ ಇದ್ದರೆ ಸಾಲದು, ಇಲ್ಲದ ಕಡೆಗೆ ಹೋಗಿ ಮುಟ್ಟಬೇಕು ಎಂಬ ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ. ಪಾಮನಕಲ್ಲೂರಿನಂತಹ ಊರಲ್ಲಿ ಜೋಲುರೆಪ್ಪೆಯ ಒಂದು ಮಗು ಹುಟ್ಟಿತೆನ್ನಿ. ಒಂದೊಂದು ಕಾಲದಲ್ಲಿ ಅದಕ್ಕೆ ಏನು ಸಿಕ್ಕುತ್ತಿತ್ತು?

ಪ್ರಾಚೀನ ಕಾಲದ ಉತ್ತರ ಸುಶ್ರುತ ಸಂಹಿತೆಯಲ್ಲಿದೆ. ಅದರ ಉತ್ತರತಂತ್ರವು 76 ಬಗೆಯ ನೇತ್ರರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ 21 ರೆಪ್ಪೆಗೆ ಸಂಬಂಧಿಸಿದವು. ರೆಪ್ಪೆಯ ಕುರುಗಳನ್ನು ಕೆರೆಯುವುದು, ಕೊಯ್ಯುವುದು, ಒಳಸರಿದ ಕೂದಲಿಗೆ ಉಪಾಯ ಮಾಡುವುದು ಇವೆಲ್ಲ ಆ ಗ್ರಂಥದಲ್ಲಿ ವಿವರವಾಗಿವೆ. ಆದರೆ ‘ವಾತಹತ ವರ್ತ್ಮ’ ಎಂಬ, ವಾತದಿಂದ ಹತವಾಗಿ ಚಲನೆಯಿಲ್ಲದೆ ನಿಂತುಬಿಟ್ಟ ರೆಪ್ಪೆಯ ಮಾತು ಬಂದಾಗ ಸುಶ್ರುತ ಅದನ್ನು ಅಸಾಧ್ಯ ವ್ಯಾಧಿಗಳ ಸಾಲಿಗೆ ಸೇರಿಸುತ್ತಾನೆ. ಇಂದಿನ ಆಯುರ್ವೇದ ಪಂಡಿತರಲ್ಲಿ ಅನೇಕರು ಇದನ್ನೇ ಜೋಲುರೆಪ್ಪೆಯೆಂದು ಗುರುತಿಸುತ್ತಾರೆ. ಮುಚ್ಚಲಾಗದ ರೆಪ್ಪೆಯೆಂದು ಅರ್ಥ ಮಾಡುವವರೂ ಇದ್ದಾರೆ. ಹೇಗೇ ಇರಲಿ, ಕಣ್ಣಿನ ಪೊರೆಯನ್ನು ಶಲಾಕೆಯಿಂದ ಸರಿಸುವ ಧೈರ್ಯವಿದ್ದ ವೈದ್ಯನು ಸತ್ತ ರೆಪ್ಪೆಯ ಮುಂದೆ ಕೈಚೆಲ್ಲಿದನೆಂಬುದು ಗಮನಿಸತಕ್ಕ ವಿಷಯ.

ಮಧ್ಯಯುಗದ ಅರಬ್ ನೇತ್ರವೈದ್ಯರು ಸಡಿಲವಾದ ರೆಪ್ಪೆಯ ಚರ್ಮವನ್ನು ಎರಡು ಕಡ್ಡಿಗಳ ನಡುವೆ ಬಿಗಿಯಾಗಿ ಕಟ್ಟುತ್ತಿದ್ದರು. ಕೆಲವು ದಿನಗಳಲ್ಲಿ ಆ ಚರ್ಮ ಒಣಗಿ ಉದುರಿ, ಉಳಿದ ರೆಪ್ಪೆ ಗಿಡ್ಡವಾಗುತ್ತಿತ್ತು. 19ನೆಯ ಶತಮಾನದ ಆರಂಭದಲ್ಲಿ ಇಟಲಿಯ ಪಾವಿಯಾದಲ್ಲಿದ್ದ ಆಂಟೋನಿಯೋ ಸ್ಕಾರ್ಪಾ ಅದೇ ತತ್ತ್ವವನ್ನು ಕತ್ತರಿಯಿಂದ ಸಾಧಿಸಿದನು: ರೆಪ್ಪೆಯ ಚರ್ಮದ ಒಂದು ಪಟ್ಟಿಯನ್ನು ಕೊಯ್ದು ತೆಗೆದು ಅಂಚುಗಳನ್ನು ಕೂಡಿಸುವುದು. ಮುದುಕರ ಜೋತುಬಿದ್ದ ಚರ್ಮಕ್ಕೆ ಇದು ಒಪ್ಪೀತು. ಆದರೆ ಸ್ನಾಯುವೇ ಬೆಳೆಯದ ಮಗುವಿಗೆ ಇದರಿಂದ ಏನು ಪ್ರಯೋಜನ? ಸೇದುವ ಹಗ್ಗ ಹರಿದಿರುವಾಗ ಕೊಡವನ್ನು ಚಿಕ್ಕದು ಮಾಡಿದರೆ ಬಾವಿಯಿಂದ ನೀರು ಮೇಲೆ ಬಂದೀತೆ?

ನಿಜವಾದ ಎರಡು ದಾರಿಗಳು ಕಾಣಿಸಿದುದು ಆಮೇಲೆ. 1831ರ ಸುಮಾರಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಹಂಟ್ ಎಂಬ ವೈದ್ಯನು, ರೆಪ್ಪೆಯ ಚರ್ಮವನ್ನು ಹುಬ್ಬಿನ ಹತ್ತಿರದ ಚರ್ಮಕ್ಕೆ ಕೂಡಿಸಿ ಹೊಲಿದರೆ ಹಣೆಯ ಸ್ನಾಯು ರೆಪ್ಪೆಯನ್ನು ಎತ್ತಬಹುದೆಂದು ತೋರಿಸಿದನು. ಹಣೆ ಸುಕ್ಕಿಸಿ ನೋಡುವ ಮಗು ಮಾಡುತ್ತಿದ್ದುದು ಇದನ್ನೇ ಅಲ್ಲವೇ! ಎರಡನೆಯ ದಾರಿ ಲಂಡನ್ನಿನ ವಿಲಿಯಂ ಬೋಮನ್ನನದು. 1857ರಲ್ಲಿ ಅವನು ರೆಪ್ಪೆಯ ಒಳಮೈಯಿಂದ ಹೋಗಿ, ಬಲಹೀನವಾದ ಆ ಎತ್ತುವ ಸ್ನಾಯುವಿನ ಒಂದು ತುಂಡನ್ನು ಕತ್ತರಿಸಿ ಗಿಡ್ಡ ಮಾಡಿದನು. ಸಡಿಲವಾದ ಹಗ್ಗವನ್ನು ಬಿಗಿದು ಕಟ್ಟಿದಂತೆ ಇದು. 1883ರಲ್ಲಿ ಜರ್ಮನಿಯ ಎವರ್‌ಬುಶ್ ಹೊರಗಿನ ಚರ್ಮದ ಕಡೆಯಿಂದ ಅದೇ ಸ್ನಾಯುವನ್ನು ಮುಟ್ಟುವ ಬಗೆಯನ್ನು ವಿವರಿಸಿದನು. ಸ್ನಾಯುವಿನಲ್ಲಿ ಸ್ವಲ್ಪವಾದರೂ ಶಕ್ತಿ ಉಳಿದಿದ್ದರೆ ಅದನ್ನು ಬಿಗಿ ಮಾಡು. ಶಕ್ತಿಯೇ ಇಲ್ಲದಿದ್ದರೆ ರೆಪ್ಪೆಯನ್ನು ಹಣೆಗೆ ತೂಗುಹಾಕು. ಇಂದಿಗೂ ಶಸ್ತ್ರವೈದ್ಯರು ಈ ಎರಡು ದಾರಿಗಳಲ್ಲೇ ನಡೆಯುತ್ತಿದ್ದಾರೆ.

ದಾರಿ ಕಂಡಿತು; ಆದರೆ ಮಗುವನ್ನು ಮೇಜಿನ ಮೇಲೆ ಅಲುಗಾಡದಂತೆ ಮಲಗಿಸುವುದು ಹೇಗೆ? ದೊಡ್ಡವರಿಗಾದರೆ 1884ರಲ್ಲಿ ವಿಯೆನ್ನಾದ ಕಾರ್ಲ್ ಕಾಲರ್ ಕೊಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸುವ ಉಪಾಯವನ್ನು ಕೊಟ್ಟನು. ಮೂರು ವರ್ಷದ ಮಗುವಿಗೆ ‘ಅಲುಗಬೇಡಪ್ಪ’ ಎಂದರೆ ಕೇಳೀತೆ? ಅದಕ್ಕೆ ಪೂರ್ತಿ ನಿದ್ರೆಯೇ ಬೇಕು. ಈ ಪ್ರಶ್ನೆಯ ಚರಿತ್ರೆಯಲ್ಲಿ ನಮ್ಮ ಪಾಮನಕಲ್ಲೂರಿನ ಸೀಮೆಯನ್ನು ಆಗ ಆಳುತ್ತಿದ್ದ ರಾಜಧಾನಿಗೆ ದೊಡ್ಡ ಸ್ಥಾನವಿದೆ. ರಾಯಚೂರು ದೋಆಬು ಆಗ ಹೈದರಾಬಾದಿನ ನಿಜಾಮರ ರಾಜ್ಯದಲ್ಲಿತ್ತು. 1905ರವರೆಗೆ ಲಿಂಗಸುಗೂರು ತಾನೇ ಒಂದು ಜಿಲ್ಲೆಯಾಗಿತ್ತು. ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಲಾರಿ, ಕ್ಲೋರೋಫಾರಮ್ಮಿನಿಂದ ಸಾವು ಸಂಭವಿಸುವುದು ಹೃದಯ ನಿಲ್ಲುವುದರಿಂದಲ್ಲ, ಉಸಿರು ನಿಲ್ಲುವುದರಿಂದ ಎಂದು ವಾದಿಸುತ್ತಿದ್ದನು. ಇದನ್ನು ಪರೀಕ್ಷಿಸಲು ನಿಜಾಮರ ಹಣದಿಂದ 1888ರಲ್ಲಿ ಒಂದು, 1889ರಲ್ಲಿ ಮತ್ತೊಂದು ಕ್ಲೋರೋಫಾರಂ ಆಯೋಗ ಹೈದರಾಬಾದಿನಲ್ಲಿ ಕೂಡಿತು. ಎರಡನೆಯದಕ್ಕೆ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯ ಕಡೆಯಿಂದ ಲಾಡರ್ ಬ್ರಂಟನ್ ಎಂಬ ವಿದ್ವಾಂಸನು ಬಂದನು. ನೂರಾರು ಪ್ರಯೋಗಗಳಾದವು. ಆಯೋಗವು ಲಾರಿಯ ಪಕ್ಷವನ್ನೇ ಹಿಡಿಯಿತು.

ಆದರೆ 1911ರಲ್ಲಿ ಇಂಗ್ಲೆಂಡಿನ ಲೆವಿ ಎಂಬ ಸಂಶೋಧಕನು, ಕ್ಲೋರೋಫಾರಂ ಹೃದಯದ ಬಡಿತವನ್ನೇ ಕೆಡಿಸಿ ಒಮ್ಮೆಲೇ ನಿಲ್ಲಿಸಬಲ್ಲುದೆಂದು ತೋರಿಸಿಕೊಟ್ಟನು. ಹೈದರಾಬಾದಿನ ತೀರ್ಪು ನಿಲ್ಲಲಿಲ್ಲ. ಹಾಗೆಂದು ಆ ಶ್ರಮವೆಲ್ಲ ವ್ಯರ್ಥವೆನ್ನಲಾಗದು: ಔಷಧವನ್ನು ಕೊಡುವವರು ರೋಗಿಯ ಉಸಿರಿನ ಮೇಲಿಂದ ಕಣ್ಣು ತೆಗೆಯಕೂಡದೆಂಬ ಪಾಠ ಅಲ್ಲಿಂದ ಬಲವಾಯಿತು. ಲಾರಿಯ ಶಿಷ್ಯೆ ರೂಪಾಬಾಯಿ ಫರ್ದೂನ್‌ಜಿ ಹೈದರಾಬಾದಿನಲ್ಲೇ ವೈದ್ಯವಿದ್ಯೆ ಕಲಿತು ಕ್ಲೋರೋಫಾರಂ ಕೊಡುವ ವೈದ್ಯೆಯಾಗಿ ಹೆಸರು ಪಡೆದರು. ಪ್ರಪಂಚದಲ್ಲೇ ಆ ಕೆಲಸಕ್ಕೆ ನಿಂತ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಇಂದು ಮಗುವಿನ ರೆಪ್ಪೆಯ ಶಸ್ತ್ರಚಿಕಿತ್ಸೆಗೆ ತಂದೆತಾಯಿಗಳು ಹೆದರುವುದು ಕತ್ತಿಗಲ್ಲ, ‘ಮೈಮರೆಸುವ’ ಔಷಧಕ್ಕೆ. ಆ ಭಯಕ್ಕೆ ಉತ್ತರ ಹುಡುಕಿದವರ ಸಾಲಿನಲ್ಲಿ ನಮ್ಮ ಕಡೆಯವರೂ ಇದ್ದರೆಂಬುದು ಸಮಾಧಾನದ ಮಾತು.

ಇಷ್ಟೆಲ್ಲ ಇದ್ದರೂ ಹಳ್ಳಿಯ ಮಗುವಿಗೂ ನೇತ್ರವೈದ್ಯರಿಗೂ ನಡುವೆ ನೆಲದ ದೂರ ಹಾಗೆಯೇ ಉಳಿದಿತ್ತು. ಮದರಾಸಿನ ಕಣ್ಣಿನ ಆಸ್ಪತ್ರೆ 1819ರಷ್ಟು ಹಿಂದೆಯೇ ಪ್ರಾರಂಭವಾಗಿತ್ತು. ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಗಿಂತ ಅದು ಹದಿನಾಲ್ಕೇ ವರ್ಷ ಚಿಕ್ಕದು. 1871ರಲ್ಲಿ ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯ ರೈಲುದಾರಿಯೂ ರಾಯಚೂರಿನಲ್ಲಿ ಬಂದು ಕೂಡಿದವು. ಅಂದಿನಿಂದ ರಾಯಚೂರಿನ ನಿಲ್ದಾಣದಲ್ಲಿ ಗಾಡಿ ಹತ್ತಿದವರು ಮದರಾಸಿಗೆ ಹೋಗಬಹುದಾಗಿತ್ತು. ಆದರೆ ಎತ್ತಿನ ಗಾಡಿಯಲ್ಲಿ ರಾಯಚೂರನ್ನು ಮುಟ್ಟಬೇಕು; ತಿಳಿಯದ ಭಾಷೆಯ ಊರಿನಲ್ಲಿ ವಾರಗಟ್ಟಲೆ ನಿಲ್ಲಬೇಕು. ಬಿತ್ತನೆ ಬಿಟ್ಟು, ಸುಗ್ಗಿ ಬಿಟ್ಟು, ನೋವಿಲ್ಲದ ಒಂದು ರೆಪ್ಪೆಗಾಗಿ ಯಾರು ಹೊರಟಾರು? ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ 1896ರಲ್ಲಿ ಒಂದು ಸಣ್ಣ ಕಣ್ಣಿನ ದವಾಖಾನೆಯಾಗಿ ಮೊದಲಾದುದು 1913ರಲ್ಲಿ ತನ್ನ ದೊಡ್ಡ ಕಟ್ಟಡವನ್ನು ಸೇರಿ ಮಿಂಟೋ ಕಣ್ಣಿನ ಆಸ್ಪತ್ರೆಯೆಂದು ಪ್ರಸಿದ್ಧವಾಯಿತು. ದೋಆಬಿನ ಕನ್ನಡಿಗರಿಗೆ ಅದೂ ಪರರಾಜ್ಯವೇ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯದಲ್ಲಿ ಕೂಡುವ ತನಕ ಹಾಗೆಯೇ ಇತ್ತು.

ಅದೇ 1956ರಲ್ಲಿ ಬಹುದೂರದ ಕೆನಡಾದ ಟೊರಾಂಟೋ ನಗರದಲ್ಲಿ ಕ್ರಾಫರ್ಡ್ ಎಂಬ ಮಕ್ಕಳ ನೇತ್ರವೈದ್ಯನು ಒಂದು ಮುಖ್ಯವಾದ ಲೇಖನವನ್ನು ಪ್ರಕಟಿಸಿದನು. ರೆಪ್ಪೆಯನ್ನು ಹಣೆಗೆ ತೂಗುಹಾಕಲು ಬೇಕಾದ ದಾರ ಯಾವುದು ಎಂಬುದು ಹಂಟನ ಕಾಲದಿಂದಲೂ ಬಗೆಹರಿಯದೆ ಉಳಿದ ಪ್ರಶ್ನೆ. ರೇಷ್ಮೆಯ ಎಳೆ ಮಾಂಸವನ್ನು ಕೊರೆದುಕೊಂಡು ಸಡಿಲವಾಗುತ್ತಿತ್ತು. ಕೆಲವು ಸಲ ಕೀವಾಗುತ್ತಿತ್ತು. 1909ರಲ್ಲಿ ಪಾಯರ್ ಎಂಬವನು ಮನುಷ್ಯನ ತೊಡೆಯ ಹೊರಮಗ್ಗುಲಲ್ಲಿ ಸ್ನಾಯುಗಳನ್ನು ಸುತ್ತಿಕೊಂಡಿರುವ ಗಟ್ಟಿಯಾದ ನಾರಿನ ಹೊದಿಕೆಯಿಂದ ಒಂದು ಪಟ್ಟಿಯನ್ನು ತೆಗೆದು ಈ ಕೆಲಸಕ್ಕೆ ಬಳಸಿದ್ದನು. ಕ್ರಾಫರ್ಡ್ ಅದನ್ನು ಮಕ್ಕಳಿಗೆ ಹೊಂದುವಂತೆ ವ್ಯವಸ್ಥೆಗೊಳಿಸಿದನು. ತೊಡೆಯಲ್ಲಿ ಚಿಕ್ಕದೊಂದು ಗಾಯ ಮಾಡಿ ಆ ನಾರಿನ ಉದ್ದನೆಯ ಎಳೆಗಳನ್ನು ತೆಗೆಯುವುದು. ರೆಪ್ಪೆಯ ಅಂಚಿನ ಹತ್ತಿರದಿಂದ ಹುಬ್ಬಿನ ಮೇಲಿನವರೆಗೆ ಎರಡು ತ್ರಿಕೋಣಗಳಾಗುವಂತೆ ಚರ್ಮದ ಒಳಗೆ ಪೋಣಿಸುವುದು. ಬೇಕಾದ ಎತ್ತರಕ್ಕೆ ಎಳೆದು ಗಂಟುಹಾಕುವುದು. ಮಗುವಿನ ಸ್ವಂತ ನಾರಾದುದರಿಂದ ದೇಹ ಅದನ್ನು ತಳ್ಳುವುದಿಲ್ಲ, ಅದು ಅಲ್ಲೇ ಬೆಸೆದುಕೊಂಡು ಬಹುಕಾಲ ನಿಲ್ಲುತ್ತದೆ. ಮಗುವಿನ ತೊಡೆ ಸಾಕಷ್ಟು ಬೆಳೆದಿರಬೇಕಾದುದರಿಂದ ಸಾಮಾನ್ಯವಾಗಿ ಮೂರು ವರ್ಷವಾಗುವ ತನಕ ಇದಕ್ಕೆ ಕಾಯುತ್ತಾರೆ. ಅಷ್ಟು ಕಾಯಲಾಗದ ಕೂಸುಗಳಿಗೆ 1960ರ ದಶಕದಿಂದ ಸಿಲಿಕೋನಿನ ಸಣ್ಣ ಎಳೆ ಬಳಕೆಗೆ ಬಂದಿತು. ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಮುಂದೆ ಸಡಿಲವಾದರೆ ಬಿಗಿಮಾಡಲೂ ಬಹುದು, ತೆಗೆಯಲೂ ಬಹುದು.

ಕಾಯಲಾಗದ ಕೂಸು ಎಂದೆವು. ಏಕೆ ಕಾಯಲಾಗದು? ಈ ಚರಿತ್ರೆಯ ತಿರುಳು ಇಲ್ಲಿದೆ. ಇಲ್ಲಿಯ ತನಕ ಹೇಳಿದ ವೈದ್ಯರಲ್ಲಿ ಬಹುಮಂದಿಗೆ ಜೋಲುರೆಪ್ಪೆಯೆಂದರೆ ಮುಖದ ಒಂದು ಊನ, ಅದನ್ನು ಸರಿಮಾಡುವುದು ಕೈಚಳಕದ ವಿಷಯ. ಕಣ್ಣು ಹೇಗೂ ಒಳಗೆ ಚೆನ್ನಾಗಿಯೇ ಇದೆ, ಪರದೆಯನ್ನು ಎಂದು ಎತ್ತಿದರೂ ನೋಟ ಅಂದು ಮೊದಲಾಗುತ್ತದೆ ಎಂದು ಯಾರಿಗೇ ಆದರೂ ತೋರುವುದು ಸಹಜ. ಆದರೆ ಕೆಲವು ಕಣ್ಣುಗಳು ನೋಡಲು ನಿರ್ದೋಷವಾಗಿದ್ದರೂ ಮಂದವಾಗಿರುತ್ತವೆಂಬುದು ಹಿಂದೆಯೇ ತಿಳಿದಿತ್ತು. 1743ರಲ್ಲಿ ಫ್ರಾನ್ಸಿನ ಬುಫೋನ್, ಮೆಳ್ಳೆಗಣ್ಣಿನವರ ಒಳ್ಳೆಯ ಕಣ್ಣನ್ನು ಮುಚ್ಚಿ ಮಂದವಾದ ಕಣ್ಣಿಗೆ ಕೆಲಸ ಕೊಡಬೇಕೆಂದು ಬರೆದಿದ್ದನು. ಕಾರಣ ಮಾತ್ರ ಸ್ಪಷ್ಟವಾಗಿರಲಿಲ್ಲ.

1963ರಲ್ಲಿ ಅಮೆರಿಕೆಯ ಹಾರ್ವರ್ಡಿನಲ್ಲಿದ್ದ ಟಾರ್ಸ್‌ಟನ್ ವೀಸೆಲ್ ಮತ್ತು ಡೇವಿಡ್ ಹ್ಯೂಬೆಲ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೆಕ್ಕಿನ ಎಳೆಯ ಮರಿಗಳ ಒಂದು ಕಣ್ಣಿನ ರೆಪ್ಪೆಗಳನ್ನು ಹೊಲಿದು ಮುಚ್ಚಿ, ಕೆಲವು ತಿಂಗಳಾದ ಮೇಲೆ ತೆರೆದರು. ಕಣ್ಣು ಆರೋಗ್ಯವಾಗಿಯೇ ಇತ್ತು. ಆದರೆ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗದ ಜೀವಕೋಶಗಳು ಆ ಕಣ್ಣಿನ ಕರೆಗೆ ಓಗೊಡಲಿಲ್ಲ. ಅವೆಲ್ಲ ಇನ್ನೊಂದು ಕಣ್ಣಿನ ವಶವಾಗಿದ್ದವು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಅಂತಹ ಕೆಡುಕೇನೂ ಆಗಲಿಲ್ಲ. ಎಂದರೆ ನೋಡುವುದನ್ನು ಮಿದುಳು ಕಲಿಯಬೇಕು. ಆ ಕಲಿಕೆಗೆ ಒಂದು ಋತುವಿದೆ. ಮುಂಗಾರಿನಲ್ಲಿ ಬಿತ್ತಬೇಕಾದುದನ್ನು ಮಾಗಿಯಲ್ಲಿ ಬಿತ್ತಿದರೆ ಬೀಜದ ತಪ್ಪಲ್ಲ, ಹೊಲದ ತಪ್ಪೂ ಅಲ್ಲ. ಹದ ತಪ್ಪಿತು, ಅಷ್ಟೆ. ಈ ಸಂಶೋಧಕರಿಗೆ 1981ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಜೋಲುರೆಪ್ಪೆಯ ಮಗುವಿಗೆ ಇದರ ಅರ್ಥ ನೇರವಾಗಿದೆ: ರೆಪ್ಪೆ ಪಾಪೆಯನ್ನು ಮುಚ್ಚಿದ್ದರೆ, ಪ್ರಕೃತಿಯೇ ಆ ಪ್ರಯೋಗವನ್ನು ನಮ್ಮ ಮಗುವಿನ ಮೇಲೆ ನಡೆಸುತ್ತಿದೆ. ಮದುವೆಯ ವಯಸ್ಸಿಗೆ ರೆಪ್ಪೆಯನ್ನು ಎತ್ತಿಸಿದರೆ ಮುಖ ಚೆನ್ನಾದೀತು, ನೋಟ ಹಿಂದಿರುಗದು.

ಈ ತಿಳಿವಳಿಕೆ ಬಂದ ಕಾಲಕ್ಕೆ ನಮ್ಮ ನಾಡಿನಲ್ಲಿ ಕಣ್ಣಿನ ಚಿಕಿತ್ಸೆ ಹಳ್ಳಿಹಳ್ಳಿಗೆ ಹೊರಟಿತ್ತು. ಬಿಜಾಪುರ ಜಿಲ್ಲೆಯಾಗಿದ್ದ ಸೀಮೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಹೆಸರನ್ನು ಕೇಳದವರು ಯಾರು? 1940ರ ದಶಕದಿಂದ ಅವರು ಶಾಲೆಗಳಲ್ಲಿ, ಛತ್ರಗಳಲ್ಲಿ ಶಿಬಿರ ಹೂಡಿ ಕಣ್ಣಿನ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆಗಳನ್ನು ಮಾಡಿದುದು ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಸೇರಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 2005ರಲ್ಲಿ ಅವರು ತೀರಿಕೊಂಡಾಗ ಕಣ್ಣೀರು ಹಾಕಿದ ಕಣ್ಣುಗಳಲ್ಲಿ ಅವರೇ ಬೆಳಕು ಕೊಟ್ಟವು ಎಷ್ಟೋ!

ಹಾಗಿದ್ದರೆ ಶಿಬಿರದಲ್ಲೇ ಮಗುವಿನ ರೆಪ್ಪೆಯನ್ನೂ ಏಕೆ ಎತ್ತಬಾರದು ಎಂದು ನೀವು ಕೇಳಬಹುದು. ಎರಡೂ ಕೆಲಸಗಳ ಸ್ವಭಾವ ಬೇರೆ. ಪೊರೆ ಬಂದ ಅಜ್ಜ ಅಲುಗಾಡದೆ ಮಲಗಬಲ್ಲನು. ಕಣ್ಣನ್ನಷ್ಟೇ ಮರಗಟ್ಟಿಸಿದರೆ ಸಾಕು. ಪೊರೆ ತೆಗೆದ ದಿನವೇ ಫಲ ಕಾಣುತ್ತದೆ. ನೋಡಲು ಕಲಿತ ಮಿದುಳು ಅವನಲ್ಲಿ ಸಿದ್ಧವಾಗಿ ಕಾದಿರುತ್ತದೆ. ಮಗುವಿಗೆ ಪೂರ್ತಿ ಮಂಪರು ಬೇಕು, ಅದನ್ನು ಕೊಡಬಲ್ಲ ವೈದ್ಯರು ಬೇಕು, ರಾತ್ರಿಯೆಲ್ಲ ನೋಡಿಕೊಳ್ಳುವ ದಾದಿಯರು ಬೇಕು. ಒಂದೊಂದು ಮಿಲಿಮೀಟರನ್ನೂ ಅಳೆದು ಹೊಲಿಯಬೇಕು. ಆಮೇಲೆ ವರ್ಷಗಟ್ಟಲೆ ನೋಟವನ್ನು ಪರೀಕ್ಷಿಸುತ್ತಿರಬೇಕು. ಆದ್ದರಿಂದ ಈ ಮಗುವಿನ ಮಟ್ಟಿಗೆ ಶಿಬಿರ ಮಾಡಬಹುದಾದುದು ಒಂದೇ: ಗುರುತಿಸಿ ಕಳಿಸುವುದು. ಆ ಗುರುತಿಸುವ ಕೆಲಸಕ್ಕೆ ಕತ್ತಿ ಬೇಡ, ಕಣ್ಣಿದ್ದವರು ಸಾಕು.

ಎಲ್ಲ ಜೋಲುರೆಪ್ಪೆಗೂ ಶಸ್ತ್ರಚಿಕಿತ್ಸೆಯೇ ಮದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1934ರಲ್ಲಿ ಲಂಡನ್ನಿನ ಗ್ರೀನಿಚ್ಚಿನ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಎಂಬ ವೈದ್ಯೆಯು ಸ್ನಾಯುಗಳು ಬೇಗ ದಣಿಯುವ ರೋಗವಿದ್ದ ಒಬ್ಬ ಹೆಂಗಸಿಗೆ ಫೈಸೋಸ್ಟಿಗ್ಮಿನ್ ಎಂಬ ಔಷಧದ ಚುಚ್ಚುಮದ್ದು ಕೊಟ್ಟಾಗ, ಬಿದ್ದಿದ್ದ ರೆಪ್ಪೆ ನೋಡುನೋಡುತ್ತಿದ್ದಂತೆ ಮೇಲೆದ್ದಿತು. ಬೆಳಗ್ಗೆ ಸರಿಯಿದ್ದು ಸಂಜೆ ಹೊತ್ತಿಗೆ ಜೋಲುವ ರೆಪ್ಪೆ ಈ ಬಗೆಯದಾಗಿರಬಹುದು. ಇನ್ನೊಂದು ಬಗೆಯನ್ನು 1883ರಲ್ಲಿ ಮಾರ್ಕಸ್ ಗನ್ ವರ್ಣಿಸಿದನು: ಮಗು ಮೊಲೆಯುಣ್ಣುವಾಗ, ಅಗಿಯುವಾಗ, ಜೋಲಿದ ರೆಪ್ಪೆ ತಾನಾಗಿ ಮೇಲಕ್ಕೂ ಕೆಳಕ್ಕೂ ಕುಣಿಯುತ್ತದೆ. ತಾಯಿ ಇದನ್ನು ಎಲ್ಲರಿಗಿಂತ ಮೊದಲು ಕಾಣುತ್ತಾಳೆ, ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಚೆನ್ನಾಗಿದ್ದ ರೆಪ್ಪೆ ಒಮ್ಮೆಲೇ ಬಿದ್ದರೆ, ಅದರ ಜೊತೆಗೆ ಎರಡು ಪಾಪೆಗಳು ಸಮವಾಗಿಲ್ಲದಿದ್ದರೆ, ಇಲ್ಲವೆ ಕಣ್ಣು ಒಂದು ಕಡೆಗೆ ತಿರುಗಿದ್ದರೆ, ಅದು ನರದ ಇಲ್ಲವೆ ಮಿದುಳಿನ ತೊಂದರೆಯ ಸೂಚನೆಯಾಗಬಹುದು. ಅಂತಹ ಮಗುವನ್ನು ಆ ದಿನವೇ ಆಸ್ಪತ್ರೆಗೆ ಒಯ್ಯಬೇಕು.

ಇಂದು ಜೋಲುರೆಪ್ಪೆಯ ಮಗುವನ್ನು ನೇತ್ರವೈದ್ಯರ ಹತ್ತಿರ ಕರೆದೊಯ್ದರೆ ಅವರು ಮೊದಲು ನೋಟವನ್ನು ಪರೀಕ್ಷಿಸುತ್ತಾರೆ, ರೆಪ್ಪೆಯನ್ನು ಆಮೇಲೆ. ಬಿಗಿಯಾದ ರೆಪ್ಪೆಯ ಒತ್ತಡದಿಂದ ಗುಡ್ಡೆಯ ಆಕಾರ ಸ್ವಲ್ಪ ಬದಲಾಗಿ ಕನ್ನಡಕ ಬೇಕಾಗಿರಬಹುದು. ನೋಟ ಮಂದವಾಗಿದ್ದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಇಂತಿಷ್ಟು ಹೊತ್ತು ಪಟ್ಟಿ ಕಟ್ಟಲು ಹೇಳುತ್ತಾರೆ. ಬುಫೋನನ ಉಪಾಯ ಇಂದಿಗೂ ಹಳತಾಗಿಲ್ಲ. ಬಳಿಕ ಹೆಬ್ಬೆರಳಿನಿಂದ ಹುಬ್ಬನ್ನು ಒತ್ತಿ ಹಿಡಿದು, ಮಗು ಕೆಳಗಿನಿಂದ ಮೇಲಕ್ಕೆ ನೋಡುವಾಗ ರೆಪ್ಪೆ ಎಷ್ಟು ದೂರ ಚಲಿಸಿತೆಂದು ಅಳೆಯುತ್ತಾರೆ. ಆರೋಗ್ಯವಂತ ರೆಪ್ಪೆ 12 ಮಿಲಿಮೀಟರಿಗೂ ಮೇಲೆ ಚಲಿಸುತ್ತದೆ. 4 ಮಿಲಿಮೀಟರು ಇಲ್ಲವೆ ಅದಕ್ಕಿಂತ ಕಡಮೆಯಾದರೆ ಸಾಮಾನ್ಯವಾಗಿ ಹಂಟನ ದಾರಿ, ಎಂದರೆ ಹಣೆಗೆ ತೂಗುಹಾಕುವುದು. ಅದಕ್ಕಿಂತ ಹೆಚ್ಚಾಗಿದ್ದರೆ ಬೋಮನ್ನನ ದಾರಿ, ಎಂದರೆ ಸ್ನಾಯುವನ್ನು ಬಿಗಿಮಾಡುವುದು. ಪಾಪೆ ಮುಚ್ಚಿಹೋಗಿದ್ದರೆ ಕೂಸು ಎಷ್ಟೇ ಚಿಕ್ಕದಿದ್ದರೂ ಬೇಗನೆ ಮಾಡುತ್ತಾರೆ. ಪಾಪೆ ತೆರೆದಿದ್ದು ನೋಟ ಸರಿಯಾಗಿ ಬೆಳೆಯುತ್ತಿದ್ದರೆ ಮೂರರಿಂದ ಐದು ವರ್ಷದ ತನಕ ಕಾಯುವುದುಂಟು. ಆದರೆ ಕಾಯುವುದೆಂದರೆ ಸುಮ್ಮನಿರುವುದಲ್ಲ, ಕೆಲವು ತಿಂಗಳಿಗೊಮ್ಮೆ ನೋಟವನ್ನು ತೋರಿಸುತ್ತಿರುವುದು.

ಶಸ್ತ್ರಚಿಕಿತ್ಸೆ ಬೆಳೆಯದ ಸ್ನಾಯುವನ್ನು ಹೊಸದಾಗಿ ಸೃಷ್ಟಿಸುವುದಿಲ್ಲ, ರೆಪ್ಪೆಗೆ ಬೇರೊಂದು ಆಧಾರವನ್ನು ಕೊಡುತ್ತದೆ ಅಷ್ಟೆ. ಆಮೇಲೆ ಮಗು ಮಲಗಿದಾಗ ಕಣ್ಣು ಸ್ವಲ್ಪ ತೆರೆದೇ ಇರುತ್ತದೆ. ಇದನ್ನು ಕಂಡು ಅಜ್ಜಿಯರು ಗಾಬರಿಯಾಗುತ್ತಾರೆ. ಹೆದರಬೇಕಾದುದಿಲ್ಲ, ಆದರೆ ಅಲಕ್ಷ್ಯ ಮಾಡಬೇಕಾದುದೂ ಅಲ್ಲ. ಕರಿಗುಡ್ಡೆ ಒಣಗಿ ಹುಣ್ಣಾಗದಂತೆ ವೈದ್ಯರು ಹೇಳಿದಷ್ಟು ದಿನ ಹನಿ ಮತ್ತು ಮುಲಾಮನ್ನು ತಪ್ಪದೆ ಹಾಕಬೇಕು. ಕಣ್ಣು ಕೆಂಪಾದರೆ, ಬೆಳಕನ್ನು ನೋಡಲಾಗದಿದ್ದರೆ, ತಡಮಾಡದೆ ತೋರಿಸಬೇಕು. ಕೆಲವು ಮಕ್ಕಳಿಗೆ ವರ್ಷಗಳಾದ ಮೇಲೆ ರೆಪ್ಪೆ ಮತ್ತೆ ಸ್ವಲ್ಪ ಇಳಿದು ಎರಡನೆಯ ಸಲ ಮಾಡಿಸಬೇಕಾಗಬಹುದು. ಇದೆಲ್ಲವನ್ನೂ ಮೊದಲೇ ತಿಳಿದಿದ್ದ ತಂದೆತಾಯಿಗಳು ನಡುವಿನಲ್ಲಿ ಕೈಬಿಡುವುದಿಲ್ಲ.

ಈಗ ಪಾಮನಕಲ್ಲೂರಿನ ನಮ್ಮ ಮಗುವಿಗೆ ಹಿಂದಿರುಗೋಣ. ಸುಶ್ರುತನ ಕಾಲದಲ್ಲಿ ಅದಕ್ಕೆ ಚಿಕಿತ್ಸೆಯೇ ಇರಲಿಲ್ಲ. ಬೋಮನ್ನನ ಕಾಲದಲ್ಲಿ ಚಿಕಿತ್ಸೆಯಿತ್ತು, ಆದರೆ ಅದು ಸಮುದ್ರದಾಚೆ. ನಿಜಾಮರ ಕಾಲದಲ್ಲಿ ರೈಲು ಬಂದಿತು, ಆದರೆ ಹೋಗಬೇಕೆಂಬ ಕಾರಣ ಯಾರಿಗೂ ತಿಳಿದಿರಲಿಲ್ಲ. ಇಂದು ಇವು ಮೂರೂ ಬದಲಾಗಿವೆ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನ ಮಿಂಟೋ ಆಸ್ಪತ್ರೆ ಈಗ ಪರರಾಜ್ಯದ್ದಲ್ಲ. ಹೈದರಾಬಾದಿನಲ್ಲಿ 1987ರಿಂದ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆ ನಡೆಯುತ್ತಿದೆ. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಹೋಗಿ, ಹುಟ್ಟಿನಿಂದ ಬಂದ ಊನಗಳನ್ನೂ ನೋಟದ ದೋಷಗಳನ್ನೂ ಹುಡುಕಿ ಮೇಲಿನ ಆಸ್ಪತ್ರೆಗೆ ಕಳಿಸುತ್ತವೆ. ಔಷಧಿ ಇಲ್ಲದ ಕಡೆಗೆ ತರಿಸಿ ನೆಡಿಸಿದೆನೆಂಬ ಆ ಹಳೆಯ ಶಾಸನದ ಮಾತಿಗೆ ಇದು ನಮ್ಮ ಕಾಲದ ರೂಪವೆನ್ನಬಹುದು.

ಇನ್ನು ಉಳಿದಿರುವ ದೂರ ಮೈಲಿಯದಲ್ಲ, ಮಾತಿನದು. ‘ಬೆಳೆದ ಮೇಲೆ ತಾನೇ ಸರಿಹೋಗುತ್ತದೆ’ ಎಂಬ ಮಾತು. ಪ್ರೀತಿಯಿಂದಲೇ ಹೇಳುವ ಮಾತು ಅದು, ಹೇಳುವವರು ಹಿರಿಯರು. ಆದರೆ ಹುಟ್ಟಿನಿಂದ ಬಂದ ಜೋಲುರೆಪ್ಪೆ ಸಾಮಾನ್ಯವಾಗಿ ತಾನಾಗಿ ಸರಿಹೋಗುವುದಿಲ್ಲ. ಅದು ಕೊಡುವ ಗಡುವು ಮಾತ್ರ ಪ್ರತಿದಿನವೂ ಕಡಮೆಯಾಗುತ್ತ ಹೋಗುತ್ತದೆ.

ಪಟ್ಟಣದಲ್ಲಿರುವ ನಿಮಗೆ ಹಳ್ಳಿಯಲ್ಲಿ ಬಂಧುಗಳಿದ್ದಾರೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ಮಕ್ಕಳಿದ್ದಾರೆ. ಜಾತ್ರೆಗೋ ಮದುವೆಗೋ ಹೋದಾಗ ಕಂಕುಳಲ್ಲಿ ಕೂತ ಕೂಸಿನ ಕಣ್ಣನ್ನು ಹಗಲ ಬೆಳಕಿನಲ್ಲಿ ಒಂದು ಸಲ ನೋಡಿರಿ. ಎರಡು ಪಾಪೆಗಳೂ ಪೂರ್ತಿ ಕಾಣುತ್ತವೆಯೇ? ಗದ್ದ ಎತ್ತಿ ನೋಡುತ್ತದೆಯೇ? ಒಂದು ಕಣ್ಣನ್ನು ಕೈಯಿಂದ ಮುಚ್ಚಿದರೆ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದೊಡನೆ ಅಳುತ್ತದೆಯೇ? ಹಾಗೆ ಕಂಡರೆ ಅದರ ತಾಯಿಗೆ ಮೆಲ್ಲಗೆ, ಭಯಪಡಿಸದೆ ಹೇಳಿರಿ: ‘ಈ ತಿಂಗಳೇ ಕಣ್ಣಿನ ವೈದ್ಯರಿಗೆ ತೋರಿಸಮ್ಮ, ಬರುವ ವರ್ಷಕ್ಕೆ ಬಿಡಬೇಡ.’